ಬಾವಿಯ ಹಾವುಮೀನು

ನಮ್ಮ ಮನೆಯಲ್ಲಿ ಮೀನು ಸುಟ್ಟದ್ದು ಒಂದೇ ಸಲ, ಅದೂ ಹಾಲು ತುಪ್ಪ ಸುರಿದು, ಕೈಮುಗಿದು. ಈಗ ನಾನಿರುವ ಮಹಾಲಿಂಗಪುರದ ಬಸ್ ಸ್ಟ್ಯಾಂಡಿನ ಹಿಂದೆ ಯಾರೋ ಮೀನು ಕರಿಯುವ ವಾಸನೆ ಬಂದರೆ ಇವತ್ತಿಗೂ ನನಗೆ ಬೀಳಗಿ ಕಡೆಯ ನಮ್ಮ ಹಿತ್ತಲು ಕಣ್ಣ ಮುಂದೆ ಬರುತ್ತದೆ. ಲಿಂಗ ಕಟ್ಟಿದ ಮನೆತನ ನಮ್ಮದು. ಮೀನನ್ನು ಸರಿಯಾಗಿ ನೋಡಿದವರೇ ಇರಲಿಲ್ಲ. ಆಗಿನ್ನೂ ಸಣ್ಣವಳಾಗಿದ್ದ ನಾನೊಬ್ಬಳು ನೋಡಿದ್ದೆ. ಹರಗೋಲು ಹಾಕುವ ಅಂಬಿಗರ ಎಲ್ಲವ್ವನ ಮನೆಗೆ ಕದ್ದು ಹೋಗಿ, ನೋಡುವುದೇನು, ತಿಂದೂ ಇದ್ದೆ. ನಮ್ಮ ಬಾವಿಯಲ್ಲಿ ಹಾವಿನಂಥದ್ದೊಂದು ಸುಳಿದಾಡುತ್ತದೆ ಎಂದಾಗ ಅವಳು ನಕ್ಕಿದ್ದಳು. "ಅದು ಹಾವುಮೀನ ಬೇ. ಸಮುದ್ರದಾಗ ಹುಟ್ಟಿ, ದಾರದಷ್ಟಿದ್ದಾಗ ಹೊಳಿ ಬಾಯಿಂದ ಹತ್ತಿ ಬರತೈತಿ ಅಂತ ನಮ್ಮ ಹಿರೇರ ಮಾತ. ಸತ್ತದ್ದು, ಹುಳಾ ಎಲ್ಲಾ ತಿಂದು ನಿಮ್ಮ ನೀರ ತಿಳಿ ಇಟ್ಟೈತಿ. ಮುಪ್ಪಾದ ಮ್ಯಾಲ, ಹೊಳಿ ಬಂದಾಗ, ತತ್ತಿ ಇಡಾಕ ತಿರುಗಿ ಸಮುದ್ರಕ್ಕ ಹೋಗತೈತಿ."

ಆ ಶ್ರಾವಣದಲ್ಲಿ ಹೊಳೆ ಹಿತ್ತಲ ಗೋಡೆಯ ತನಕ ಬಂತು. ಬಾವಿ ತುಂಬಿ, ಮೀನು ಹೊರಬಿದ್ದು ಹಸಿ ನೆಲದ ಮೇಲೆ ಹೊಳೆಯತ್ತ ಹೊರಟಿತ್ತು. ಇನ್ನು ಹತ್ತು ಮಾರು ದೂರ. "ಹಾವೋ!" ಎಂದು ಅಪ್ಪನನ್ನು ಹೆತ್ತ ಆಯಿ ಚೀರಿದಳು. ಕಾಕಾ ಕೊಡಲಿ ತಂದ. ಮೀನು ಎಂದು ನಾನು ಒಂದು ಮಾತು ಅಂದಿದ್ದರೆ ಸಾಕಿತ್ತು. ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ? ಕಾಕಾನ ಬಾರಕೋಲಿಗೆ ಎತ್ತು, ಮಕ್ಕಳು ಎಂಬ ಭೇದವಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಮೊದಲ ಏಟಿಗೆ ಬಾಲ ಹಾರಿತು. ಲೋಳೆಗೆ ಕೊಡಲಿ ಜಾರಿದಂತೆಲ್ಲ ಅವನ ಸಿಟ್ಟು ಏರಿತು, ಮತ್ತೆ ಮತ್ತೆ ಹೊಡೆದ. ಅರ್ಧ ಮೈ ಕಳೆದುಕೊಂಡೂ ಅದು ಹೊಳೆಯ ಕಡೆಗೇ ತೆವಳುತ್ತಿತ್ತು. ತಲೆ ಜಜ್ಜಿದ ಮೇಲೇ ನಿಂತದ್ದು. ರಕ್ತ ಮಳೆನೀರಿನ ಜೊತೆ ನನ್ನ ಕಾಲಬೆರಳ ತನಕ ಹರಿದು ಬಂತು. ಹಾವು ಕೊಂದ ದೋಷಕ್ಕೆ ಹೆದರಿ ಆಯಿ ಕೊಟ್ಟಿಗೆಯಲ್ಲಿ ಸಗಣಿ ಕುಳ್ಳು ಒಟ್ಟಿಸಿ, ಹಾಲು ತುಪ್ಪ ಹಾಕಿ ಸುಡಿಸಿದಳು.

ವಾಸನೆ ಹಿಡಿದು ಎಲ್ಲವ್ವ ಓಡಿ ಬಂದಳು. "ಗೌಡ್ರ, ಇದು ಹಾವಲ್ಲರಿ, ಮೀನ. ಸಮುದ್ರಕ್ಕ ಹೊಂಟಿತ್ತರಿ."

"ಲಿಂಗವಂತರ ಮನ್ಯಾಗ ಮೀನ ಸುಟ್ಟೇವಂತೀಯೇನ?" ಕಾಕಾ ಗುಡುಗಿದ.

"ಈಕಿನ್ನ ಕೇಳ್ರಿ. ಈಕಿಗೆ ಗೊತ್ತೈತಿ."

ಎಲ್ಲರೂ ನನ್ನ ಕಡೆ ತಿರುಗಿದರು. "ನನಗೇನೂ ಗೊತ್ತಿಲ್ಲ," ಅಂದೆ. ಬಾರಕೋಲು ಎಲ್ಲವ್ವನ ಬೆನ್ನಿಗೆ ಬಿತ್ತು, ಮೂರು ಸಲ. ಅವಳು ಅಳಲಿಲ್ಲ; ನನ್ನನ್ನೇ ನೋಡುತ್ತ ಹೋದಳು.

ಮುಂದಿನ ಬೇಸಿಗೆಗೆ ಬಾವಿಯಲ್ಲಿ ಹುಳು ಬಿದ್ದು ನೀರು ನಾರಿತು. ಕೆಲವು ವರ್ಷಗಳಲ್ಲಿ ಅಣೆಕಟ್ಟಿನ ಹಿನ್ನೀರು ಮನೆ, ಬಾವಿ, ಅಂಬಿಗರ ಓಣಿ ಎಲ್ಲವನ್ನೂ ನುಂಗಿತು. ಈಗ ಅಲ್ಲಿ ಕಣ್ಣು ಹಾಯಿಸಿದಷ್ಟೂ ನೀರು. ಸಮುದ್ರದಿಂದ ಹತ್ತಿ ಬರುವ ಹಾವುಮೀನಿಗೆ ಮಾತ್ರ ಅಣೆಕಟ್ಟು ದಾಟುವ ದಾರಿಯಿಲ್ಲ. ಕಾಕಾ ಸಾಯುವ ತನಕ ಅದನ್ನು ಹಾವೆಂದೇ ನಂಬಿದ್ದ. ನಿಮ್ಮವ್ವನ ಜೀವ ಉಳಿಸಿದವ ನಾನೇ ಎಂದು ನನ್ನ ಮಕ್ಕಳಿಗೆ ಹೇಳುತ್ತಿದ್ದ. ನಾನು ಹೂಂ ಅನ್ನುತ್ತಿದ್ದೆ. ಎಲ್ಲವ್ವ ಯಾವ ಹೊಸ ಊರಿಗೆ ಹೋದಳೆಂಬುದೂ ನನಗೆ ಗೊತ್ತಿತ್ತು. ಬಸ್ಸಿಗೆ ಅರ್ಧ ತಾಸಿನ ದಾರಿ. ಹೋಗಲಿಲ್ಲ.