ಮಸ್ಕತ್ತಿಗೆ ಕಳಿಸಿದ ಗೇಮು

"ಜಾವಾದಲ್ಲಿ ಎಮ್ಯುಲೇಟರಾ? ನಿಮಗೆ ಬೇರೆ ಕೆಲಸ ಇಲ್ವಾ ಮಾರಾಯ್ರೆ!"

ಸ್ಟಾಫ್ ರೂಮಿನಲ್ಲಿ ರಮೇಶ್ ಸರ್ ಹೀಗೆಂದು ನಕ್ಕಾಗ ನಾನು ನಗಲಿಲ್ಲ. ಮೂಡುಬಿದಿರೆಯ ಕಾಲೇಜೊಂದರಲ್ಲಿ ನಾವಿಬ್ಬರೂ ಕಂಪ್ಯೂಟರ್ ಪಾಠ ಮಾಡುವವರು. ಎಮ್ಯುಲೇಟರ್ ಅಂದರೆ (ಗೊತ್ತಿಲ್ಲದವರಿಗೆ) ಒಂದು ಯಂತ್ರದಿಂದ ಇನ್ನೊಂದು ಯಂತ್ರದ ನಟನೆ ಮಾಡಿಸುವ ಪ್ರೋಗ್ರಾಂ; ಜಾವಾ, ಸಿ ಎಲ್ಲ ಪ್ರೋಗ್ರಾಂ ಬರೆಯುವ ಭಾಷೆಗಳು. ಕೈಯಲ್ಲಿ ಹಿಡಿದು ಆಡುವ ಹಳೆಯ ವಿಡಿಯೋ ಗೇಮೊಂದರಂತೆ ನನ್ನ ಕಂಪ್ಯೂಟರ್ ನಟಿಸಬೇಕಿತ್ತು.

"ಸಿ-ಯಲ್ಲಿ ಬರೀರಿ. ಜಾವಾ ಸ್ಲೋ. ಪ್ರಾಕ್ಟಿಕಲ್ ಅಲ್ಲ," ಎಂದರು.

ಸರಿಯೇ. ಆದರೆ ಅವರಿಗೆ ನಸೀಮಾ ಗೊತ್ತಿಲ್ಲವಲ್ಲ?

ನಸೀಮಾ ಕಲ್ಲಡ್ಕದಲ್ಲಿ ನಮ್ಮ ಪಕ್ಕದ ಮನೆಯವಳು, ನನ್ನದೇ ಕ್ಲಾಸು. ಹೈಸ್ಕೂಲಿನಲ್ಲಿದ್ದಾಗ ಅವಳ ತಂದೆ ಗಲ್ಫಿನಿಂದ ಆ ಗೇಮ್ ತಂದರು. ಹಸಿರು ಸ್ಕ್ರೀನು, ಬೆಳಕಿಗೆ ಹಿಡಿದರೆ ಮಾತ್ರ ಕಾಣುವುದು. ಗುಂಡಿಗಳನ್ನು ಹಾರುತ್ತ ಓಡುವ ಒಬ್ಬ ಪುಟ್ಟ ಮನುಷ್ಯ. ಸಂಜೆ ಅವರ ಮನೆಯ ಮೆಟ್ಟಿಲ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರುವುದು, ಒಬ್ಬಳು ಸತ್ತ ಕೂಡಲೇ ಇನ್ನೊಬ್ಬಳು ಕಸಿದುಕೊಳ್ಳುವುದು. ಅದರ ಸಂಗೀತ ನಮಗೆ ಬಾಯಿಪಾಠ.

ಪಿಯುಸಿ ಮುಗಿದದ್ದೇ ಅವಳಿಗೆ ಮದುವೆಯಾಯಿತು. ಮಸ್ಕತ್ತಿಗೆ ಹೋದಳು.

ಕಳೆದ ವರ್ಷ ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನಲ್ಲಿ ಅವಳ ಉಮ್ಮ, ಅಂದರೆ ತಾಯಿ, ಸಿಕ್ಕಿದರು. ಆ ಗೇಮ್ ಇದೆಯಾ ಎಂದು ಕೇಳಿದೆ.

"ಅದು ಗುಜರಿಗೆ ಹೋಯ್ತು ಮಗಾ. ಅವಳು ಫೋನ್ ಮಾಡಿದಾಗೆಲ್ಲ ನಿನ್ನನ್ನು ಕೇಳ್ತಾಳೆ," ಎಂದರು. ಜೊತೆಗಿದ್ದ ಮಗನಿಂದ ಅವಳ ಇಮೇಲ್ ಐಡಿ ಕೊಡಿಸಿದರು.

ಬರೆದೆ. ಬರೆದಳು. "ಹೇಗಿದ್ದಿ?" "ಚೆನ್ನಾಗಿದ್ದೇನೆ. ನೀನು?" "ನಾನೂ." ಅಷ್ಟಕ್ಕೇ ಮಾತು ಮುಗಿಯಿತು! ಒಂದು ಕಾಲದಲ್ಲಿ ಎರಡೂ ಮನೆಗಳಿಂದ ಊಟಕ್ಕೆ ಕರೆದರೂ ಮಾತು ನಿಲ್ಲಿಸದವರು ನಾವು. ಇಷ್ಟು ವರ್ಷವಾದ ಮೇಲೆ ಎಲ್ಲಿಂದ ಶುರು ಮಾಡುವುದು?

ಆಗ ಹೊಳೆದದ್ದು ಆ ಗೇಮು.

ಅವಳ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಶುಕ್ರವಾರ ಗಂಡನ ಅಂಗಡಿಯ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಅದರಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡುವಂತಿಲ್ಲ. ಜಾವಾದಲ್ಲಿ ಬರೆದರೆ ಅವಳು ಒಂದು ವೆಬ್ ಪೇಜ್ ತೆರೆದರೆ ಸಾಕು, ಗೇಮ್ ಅಲ್ಲೇ ಓಡುತ್ತದೆ. ಇದಕ್ಕಿಂತ ಪ್ರಾಕ್ಟಿಕಲ್ ಯಾವುದು? (ವಾರವಾರ ಈ ಅಂಕಣದಲ್ಲಿ ನನ್ನನ್ನು ಸಹಿಸುವ ನಿಮಗೆ ನನ್ನ ಹಟ ಗೊತ್ತೇ ಇದೆ.)

ಹಾಗೆಂದು ರಮೇಶ್ ಸರ್ ಹೇಳಿದ್ದು ಸುಳ್ಳಾಗಲಿಲ್ಲ. ಜಾವಾ ಮಧ್ಯೆ ಮಧ್ಯೆ ತನ್ನ ಮೆಮೊರಿಯ ಕಸ ಗುಡಿಸಲು ನಿಲ್ಲುತ್ತದೆ. ಗುಂಡಿ ಹಾರಲು ನೆಗೆದವನು ಗಾಳಿಯಲ್ಲೇ ನೇತಾಡುತ್ತಾನೆ! ಸಂಗೀತವೋ, ಎಳೆದೆಳೆದು ಬರುತ್ತದೆ. ತಿಂಗಳುಗಟ್ಟಲೆ ತಿದ್ದಿದೆ. ಕೊನೆಗೆ ರಮೇಶ್ ಸರ್ರೇ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

"ಪ್ರತಿ ಸಲ ಹೊಸ ಆಬ್ಜೆಕ್ಟ್ ಯಾಕೆ ಮಾಡ್ತೀರಿ? ಕಸ ಆಗುವುದೇ ಅದರಿಂದ. ಒಂದನ್ನೇ ಮತ್ತೆ ಮತ್ತೆ ಬಳಸುವ."

ನೇತಾಡುವುದು ಕಡಿಮೆಯಾಯಿತು. ನಸೀಮಾಳಿಗೆ ಲಿಂಕ್ ಕಳಿಸಿದೆ.

ಮೊನ್ನೆ ಶುಕ್ರವಾರ ಫೋನ್ ಬಂತು. ಹಲೋ ಇಲ್ಲ, ಏನಿಲ್ಲ. ರಿಸೀವರಿನೊಳಗೆ ಆ ಸಂಗೀತ! ಅವಳು ಫೋನನ್ನು ಸ್ಪೀಕರಿಗೆ ಹಿಡಿದಿದ್ದಳು. ಆಮೇಲೆ ನಗು. ಅದೇ ನಗು.

"ಇದೆಂತ ಶಾಲೂ, ಇವನಿಗೂ ನಮ್ಮ ಹಾಗೆ ಪ್ರಾಯ ಆಯ್ತಾ? ಎಷ್ಟು ನಿಧಾನ ಮಾರಾಯ್ತಿ!"

"ಜಾವಾ ಅಲ್ವಾ," ಎಂದೆ.

"ಎಂತದೋ. ಆಗಿನಿಂದ ಸಾಯ್ತಾ ಇದ್ದೇನೆ. ಕಸಿದುಕೊಳ್ಳಲಿಕ್ಕೆ ಯಾರೂ ಇಲ್ಲ."

  

ಆಮೇಲೆ ಅವಳೇ ಕೇಳಿದಳು. "ಗೇಮಿನ ಬದಿಯಲ್ಲಿ ಒಂದು ತೂತು ಇತ್ತಲ್ಲ? ಎರಡು ಗೇಮಿಗೆ ವೈರ್ ಹಾಕಿ ಇಬ್ಬರು ಒಟ್ಟಿಗೆ ಆಡ್ಲಿಕ್ಕೆ? ಆಗ ನಮ್ಮಲ್ಲಿ ಇದ್ದದ್ದೇ ಒಂದು. ಈಗ ನಿನ್ನ ಹತ್ರ ಒಂದು ಉಂಟು, ನನ್ನ ಹತ್ರ ಒಂದು ಉಂಟು. ಆಗ್ತದಾ?"

ಮರುದಿನ ರಮೇಶ್ ಸರ್‌ಗೆ ಹೇಳಿದೆ. ಈ ಸಲ ಅವರು ನಗಲಿಲ್ಲ. ಅಂಥ ಜೋಡಣೆಯಲ್ಲಿ ಎರಡು ಗೇಮುಗಳೂ ಒಂದು ಕ್ಷಣವೂ ಹಿಂದುಮುಂದಾಗಬಾರದು. ನಮ್ಮ ಡಯಲ್-ಅಪ್ ಇಂಟರ್‌ನೆಟ್ಟಿನ ಕತೆ ನಿಮಗೇ ಗೊತ್ತು. ಮೇಲಿಂದ ಜಾವಾ ಬೇರೆ.

"ಇದು ಮಾತ್ರ ಆಗ್ಲಿಕ್ಕಿಲ್ಲ ಮೇಡಂ," ಎಂದರು ಮೆಲ್ಲಗೆ.

ನನಗೂ ಗೊತ್ತು. ಆದರೂ ನಿನ್ನೆ ಬರೆಯಲು ಕೂತೆ. ಪ್ರಾಕ್ಟಿಕಲ್ ಆದದ್ದನ್ನು ಮಾತ್ರ ಬಯಸುವವರು ಯಾರಿದ್ದಾರೆ, ಹೇಳಿ?