ಹೊಸ ಬ್ರೇಕಿಗೆ ನಾಲ್ಕು ನಿಂಬೆಹಣ್ಣು

ವಾಹನಗಳ ವಿಷಯ ನನಗೆ ಏನೇನೂ ತಿಳಿಯದು. ಆದರೆ ನಮ್ಮ ಮನೆಯ ಆ ದೊಡ್ಡ ಗಾಡಿಯ ಬ್ರೇಕಿನ ಸಮಾಚಾರ ಮಾತ್ರ ಅದನ್ನು ಓಡಿಸುವ ಯಜಮಾನರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಪಕ್ಕದ ಸೀಟಿನಲ್ಲಿ ಕೂತು, ಇಲ್ಲದ ಪೆಡಲ್ಲನ್ನು ಒತ್ತಿ ಒತ್ತಿ ನನ್ನ ಬಲಗಾಲು ನೋಯುತ್ತಿತ್ತು. ಕೀಲ್ಪಾಕಿನ ಮನೆಯಿಂದ ಹೊರಟರೆ ಸಾಕು, ನನ್ನ ಕೈ ಬಾಗಿಲ ಹಿಡಿಕೆಯನ್ನು ಬಿಡುತ್ತಿರಲಿಲ್ಲ. ಯಜಮಾನರು ಮಾತ್ರ ರೇಡಿಯೋ ಹಾಕಿಕೊಂಡು ತಲೆ ಆಡಿಸುತ್ತಿದ್ದರು.

ಎಂಟು ಜನ ಆರಾಮವಾಗಿ ಕೂರುವ ಗಾಡಿ ಅದು. ನಮ್ಮ ಮಾವನವರು ಹೋಟೆಲಿನ ವ್ಯಾಪಾರ ಚೆನ್ನಾಗಿದ್ದ ಕಾಲದಲ್ಲಿ ಆಸೆಪಟ್ಟು ಕೊಂಡದ್ದು. ಅವರು ಹೋದ ಮೇಲೆ ಹೋಟೆಲಿನ ತರಕಾರಿ ಮೂಟೆಗಳನ್ನೂ ಅದೇ ಹೊರುತ್ತಿತ್ತು, ನಮ್ಮನ್ನೂ ಅದೇ ಹೊರುತ್ತಿತ್ತು. ಮಾರಿಬಿಡೋಣ ಎಂದು ನಾನು ಎಷ್ಟು ಸಲ ಹೇಳಿದೆನೋ. 'ಅಪ್ಪ ತಗೊಂಡದ್ದು' ಎನ್ನುವರು ಯಜಮಾನರು, ಅಲ್ಲಿಗೆ ಮಾತು ಮುಗಿಯಿತು. ಹೆಂಡತಿಯ ಮಾತಿಗಿಂತ ಕಬ್ಬಿಣಕ್ಕೆ ಮರ್ಯಾದೆ ಹೆಚ್ಚು ನಮ್ಮ ಮನೆಯಲ್ಲಿ.

ಒಂದು ದಿನ ತಾಂಬರಂ ಕಡೆಯಿಂದ ಬರುವಾಗ ಮೇಲ್ಸೇತುವೆಯ ಇಳಿಜಾರಿನಲ್ಲಿ ಮುಂದಿದ್ದ ಬಸ್ಸು ಗಕ್ಕನೆ ನಿಂತಿತು. ಇವರು ಬ್ರೇಕ್ ಒತ್ತಿದರು. ನಮ್ಮ ಗಾಡಿ ನಿಲ್ಲಲೋ ಬೇಡವೋ ಎಂದು ಯೋಚಿಸುತ್ತಾ ನಡುಗಿಕೊಂಡು ಮುಂದೆ ಹೋಯಿತು. ಸ್ಟಿಯರಿಂಗ್ ಗಡಗಡ ಅಂದಿತು. ಬಸ್ಸಿನ ಹಿಂಭಾಗದಲ್ಲಿ ಅಂಟಿಸಿದ್ದ ಜಾಹೀರಾತಿನ ಸಣ್ಣ ಅಕ್ಷರಗಳೂ ನನಗೆ ಓದಲು ಸಿಕ್ಕುವಷ್ಟು ಹತ್ತಿರ ಹೋಗಿ ನಿಂತಿತು. ಸುಟ್ಟ ವಾಸನೆ ಒಳಗೆಲ್ಲ ತುಂಬಿತು. 'ನಿಂತಿತಲ್ಲ, ಮತ್ತೆಂತ?' ಎಂದು ಇವರು ನಕ್ಕರು. ನಾನು ಮನೆಗೆ ಬಂದು ಊಟ ಬಿಟ್ಟು ಮಲಗಿದೆ.

ಅಷ್ಟಕ್ಕೇ ಆಗಿದ್ದರೆ ನಾನು ಆ ಗಾಡಿ ಹತ್ತುವುದನ್ನು ಬಿಟ್ಟು ಆಟೋದಲ್ಲಿ ಓಡಾಡಿಕೊಂಡಿರುತ್ತಿದ್ದೆ. ಆದರೆ ಅದೇ ತಿಂಗಳು ಅತ್ತೆ ಊರಿಗೆ ಹೋಗಬೇಕು ಎಂದರು. ಉಡುಪಿಯ ಕಡೆ ಅವರ ಕುಲದೇವರಿದ್ದಾರೆ. ಎಂಬತ್ತು ದಾಟಿದ ಹೆಂಗಸು, ಮೊಣಕಾಲು ಎರಡೂ ಕೆಟ್ಟಿವೆ. ರೈಲಿನ ಮೆಟ್ಟಿಲು ಹತ್ತಲಾರರು, ಕಾಲು ಮಡಚಿ ಕೂರಲಾರರು. ಆ ಗಾಡಿಯ ನಡುವಿನ ಸೀಟಿನಲ್ಲಿ ಕಾಲು ಚಾಚಿ ಕೂತರೆ ಮಾತ್ರ ಅವರಿಗೆ ನೋವಿಲ್ಲ. 'ಈ ಸಲ ದೇವರ ಮುಖ ನೋಡ್ದಿದ್ರೆ ಇನ್ನು ನೋಡ್ಲಿಕ್ಕಿಲ್ಲ' ಎಂದು ಮಗನ ಕೈ ಹಿಡಿದುಕೊಂಡು ಹೇಳಿದರು. ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಆದರೆ ಊರಿಗೆ ಹೋಗಬೇಕಾದರೆ ಘಾಟಿ ಇಳಿಯಬೇಕು. ಆ ಬ್ರೇಕು, ಆ ತಿರುವು, ಹಿಂದೆ ಕಾಲು ಚಾಚಿ ಕೂತ ಅತ್ತೆ. ಸಾಂಬಾರಿಗೆ ಒಗ್ಗರಣೆ ಹಾಕುವಾಗಲೂ ನನಗೆ ಅದೇ ಕಣ್ಣಿಗೆ ಕಟ್ಟುತ್ತಿತ್ತು.

ಕೊನೆಗೆ ನಾನು ಖಡಾಖಂಡಿತವಾಗಿ ಹೇಳಿದೆ, 'ನೋಡಿ, ಬ್ರೇಕು ಸರಿಯಾಗದೆ ಅತ್ತೆಯನ್ನು ಈ ಗಾಡಿಗೆ ಹತ್ತಿಸೋ ಹಾಗಿಲ್ಲ. ಹತ್ತಿಸಿದರೆ ನಾನು ಅಡ್ಡ ಮಲಗ್ತೀನಿ.' ನಮ್ಮ ಮೈಸೂರಿನವರು ಮೆತ್ತಗೆ ಅಂತ ಇವರ ಮನೆಯವರೆಲ್ಲ ತಿಳಿದುಕೊಂಡಿದ್ದರು. ಆ ದಿನ ಆ ಭ್ರಮೆ ಬಿಟ್ಟುಹೋಯಿತು.

ಪೆರಂಬೂರಿನ ಒಬ್ಬ ಮೆಕ್ಯಾನಿಕ್ ಬಂದು ನೋಡಿದ. ಗಾಡಿಯ ತೂಕಕ್ಕೆ ಮುಂದಿನ ಚಕ್ರಗಳ ಬ್ರೇಕಿನ ಡಿಸ್ಕು ಸಾಲದು, ಬಿಸಿಯಾಗಿ ಸೊಟ್ಟಗಾಗಿದೆ, ಅದಕ್ಕೇ ಈ ನಡುಕ ಎಂದ. ಇದೇ ಗಾಡಿಯ ಆಮೇಲಿನ ಮಾಡೆಲ್ಲಿನಲ್ಲಿ ಡಿಸ್ಕೂ ದೊಡ್ಡದು, ಅದನ್ನು ಎರಡು ಕಡೆಯಿಂದ ಹಿಡಿಯುವ ಕ್ಯಾಲಿಪರ್ರೂ ದೊಡ್ಡದು; ಅದನ್ನೇ ಇದಕ್ಕೆ ಕೂರಿಸಬಹುದಂತೆ. ಕೂರಿಸಿದರೆ ಹಳೆಯ ಚಕ್ರ ಅದರ ಮೇಲೆ ಹಿಡಿಸುವುದಿಲ್ಲ, ಚಕ್ರವೂ ದೊಡ್ಡದೇ ಆಗಬೇಕು. ನಾನು ಏನು ಕೇಳಿದರೂ ಅವನದು ಒಂದೇ ಉತ್ತರ, 'ಒಣ್ಣುಮಿಲ್ಲೆ ಮೇಡಂ.' ತಮಿಳಿನಲ್ಲಿ ಏನೂ ಇಲ್ಲ ಎಂದು ಅರ್ಥ. ಏನೂ ಇಲ್ಲ ಎಂದು ಒಬ್ಬ ಗಂಡಸು ಅಷ್ಟು ಸಲ ಹೇಳಿದರೆ ಏನೋ ಇದೆ ಎಂದೇ ನನ್ನ ಲೆಕ್ಕ.

ಶುಕ್ರವಾರ ಬೆಳಿಗ್ಗೆ ಬೇಗ ಅವನು ಸಾಮಾನುಗಳೊಂದಿಗೆ ನಮ್ಮ ಮನೆಗೇ ಬಂದ. ನಮ್ಮ ಮನೆಯ ಅಂಗಳ ಬೀದಿಗಿಂತ ಎತ್ತರ. ಒಂದು ಸಲ ನೆರೆನೀರು ಒಳಗೆ ನುಗ್ಗಿದ ಮೇಲೆ ಮಣ್ಣು ತುಂಬಿಸಿ ಎತ್ತರಿಸಿ, ಬೀದಿಗೆ ಇಳಿಯಲು ಸಿಮೆಂಟಿನ ಇಳಿಜಾರು ಮಾಡಿಸಿದ್ದೆವು. ಗಾಡಿ ಆ ಇಳಿಜಾರಿನ ತಲೆಯ ಮೇಲೆ ಬೀದಿಗೆ ಮುಖ ಮಾಡಿ ನಿಂತಿತ್ತು. ಅವನು ಹಳೆಯದನ್ನೆಲ್ಲ ಬಿಚ್ಚಿದ, ಹೊಸದನ್ನು ಕೂರಿಸಿದ. ಬ್ರೇಕ್ ಎಣ್ಣೆ ಹಾಕಿ ಕೊಳವೆಯೊಳಗಿನ ಗಾಳಿ ತೆಗೆದ. ಆಮೇಲೆ ಎಲ್ಲೋ ಉಜ್ಜುತ್ತಿದೆ ಎಂದು ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡುಗಳನ್ನು ಮತ್ತೆ ಹೊರಗೆಳೆದು, ಕೆರೆದು, ಮತ್ತೆ ಕೂರಿಸಿ, ಚಕ್ರ ಹಾಕಿದ. ಎಣ್ಣೆ ಇನ್ನೊಂದು ಬಾಟಲಿ ಬೇಕು, ತಂದು ಒಂದು ಟ್ರಯಲ್ ಹೋಗಿ ಬರುತ್ತೇನೆ ಎಂದ.

ಅದಕ್ಕೆ ಅತ್ತೆ ಒಪ್ಪಲಿಲ್ಲ. ಇವರ ಮನೆಯಲ್ಲಿ ಮಾವನವರ ಕಾಲದಿಂದ ಒಂದು ಪದ್ಧತಿ. ಗಾಡಿಗೆ ಏನೇ ದೊಡ್ಡ ಕೆಲಸ ಮಾಡಿಸಲಿ, ಮೊದಲು ಚಲಿಸುವುದು ನಿಂಬೆಹಣ್ಣಿನ ಮೇಲೇ ಆಗಬೇಕು. ಒಳಗೆ ಗಂಡಹೆಂಡಿರು ಕೂರಬೇಕು. ಎದುರಿಗೆ ಮನೆಯ ಹಿರಿಯ ಹೆಂಗಸು ಆರತಿ ಹಿಡಿದು ನಿಂತಿರಬೇಕು. ಹಣ್ಣು ಒಡೆದು, ಗಾಡಿ ತಾನಾಗಿ ಅವಳ ಮುಂದೆ ಬಂದು ನಿಂತು ಕುಂಕುಮ ಇಡಿಸಿಕೊಳ್ಳಬೇಕು. ಅದು ಆಗದೆ ಬೇರೆಯವರು ಬೀದಿ ಸುತ್ತಿಸಿಕೊಂಡು ಬರುವುದೆಂದರೇನು? ಸರಿ ಎಂದು ಅವನು ಎಣ್ಣೆ ತರಲು ಬೀದಿ ಕೊನೆಯ ಅಂಗಡಿಗೆ ಹೋದ. ಹತ್ತೂವರೆಗೆ ರಾಹುಕಾಲ. ಅವನು ಬರುವಷ್ಟರಲ್ಲಿ ಪೂಜೆ ಮುಗಿಸೋಣ ಎಂದು ಅತ್ತೆ ಅವಸರ ಮಾಡಿದರು.

ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆ. ಅತ್ತೆ ಕೋಲೂರಿಕೊಂಡು ಮೆಲ್ಲಗೆ ಇಳಿಜಾರು ಇಳಿದು, ಕೆಳಗೆ ನಾನು ಬೆಳಿಗ್ಗೆ ಹಾಕಿದ್ದ ರಂಗೋಲಿಯ ಹತ್ತಿರ ನಿಂತರು. ಕೋಲನ್ನು ಗೇಟಿಗೆ ಒರಗಿಸಿ ಎರಡೂ ಕೈಯಲ್ಲಿ ತಟ್ಟೆ ಹಿಡಿದರು. ನಾನು ಇವರ ಪಕ್ಕದಲ್ಲಿ ಹತ್ತಿ ಕೂತೆ. ಇವರು ಎಂಜಿನ್ ಚಾಲೂ ಮಾಡಿ ಹ್ಯಾಂಡ್‌ಬ್ರೇಕ್ ಇಳಿಸಿದರು.

ನಿಂಬೆಹಣ್ಣುಗಳು ಪಚಕ್ ಪಚಕ್ ಎಂದವು. ಗಾಡಿ ಇಳಿಯತೊಡಗಿತು. ಇವರು ಬ್ರೇಕ್ ಒತ್ತಿದರು.

ಪೆಡಲ್ಲು ಸೀದಾ ತಳಕ್ಕೆ ಹೋಯಿತು. ಅದನ್ನು ನಾನು ನೋಡಿದೆ, ಏಕೆಂದರೆ ನಾನು ಯಾವಾಗಲೂ ಅದನ್ನೇ ನೋಡುತ್ತಿದ್ದೆ. ಇವರ ಬಾಯಿಂದ ಒಂದು ಸದ್ದು ಬಂತು, ಮಾತಲ್ಲ. ಮತ್ತೆ ಒತ್ತಿದರು, ಮತ್ತೆ ತಳಕ್ಕೆ ಹೋಯಿತು. ಗಾಜಿನಾಚೆ ಅತ್ತೆಯ ಬಿಳಿಯ ತಲೆ, ಕರ್ಪೂರದ ಉರಿ, ಎರಡೂ ದೊಡ್ಡದಾಗುತ್ತಾ ಬಂದವು. ಅತ್ತೆ ಅಲ್ಲಾಡಲಿಲ್ಲ. ನಾನು ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದು ಜೀವ ಹೋಗುವ ಹಾಗೆ ಎಳೆದೆ. ಇವರು ಒತ್ತುತ್ತಲೇ ಇದ್ದರು. ನನ್ನ ಎಳೆತಕ್ಕೋ ಅವರ ಒತ್ತಿಗೋ, ಒಮ್ಮೆಲೇ ಪೆಡಲ್ಲು ಕಲ್ಲಿನಂತೆ ಗಟ್ಟಿಯಾಗಿ ಗಾಡಿ ಮುಗ್ಗರಿಸಿ ನಿಂತಿತು.

ಗಾಡಿಯ ಮೂತಿ ಆರತಿ ತಟ್ಟೆಯ ಅಂಚಿಗೆ ತಾಗಿಕೊಂಡಿತ್ತು. ಅತ್ತೆ ಬೆರಳಿನಿಂದ ಕುಂಕುಮ ತೆಗೆದು ಗಾಡಿಯ ಹಣೆಗೆ ಇಟ್ಟರು. ಆರತಿ ಎತ್ತಿದರು. ಆಮೇಲೆ ಮಗನನ್ನು ನೋಡಿ ನಕ್ಕು ಹೇಳಿದರು, 'ಒಳ್ಳೆ ಹತ್ರ ತಂದು ನಿಲ್ಲಿಸಿದ್ದಿ ಮಗಾ. ನಂಗೆ ಕೈ ಚಾಚುದೇ ಬೇಡ ಆಯ್ತು.'

ಇವರು ಸ್ಟಿಯರಿಂಗಿನ ಮೇಲೆ ತಲೆ ಇಟ್ಟುಕೊಂಡು ಕೂತಿದ್ದರು. 'ಅಮ್ಮನಿಗೆ ಹೇಳ್ಬೇಡ' ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಎಣ್ಣೆ ಹಿಡಿದು ಬಂದ ಮೆಕ್ಯಾನಿಕ್ಕಿಗೆ ನಾನು ಬೈದ ಬೈಗುಳದಲ್ಲಿ ಕನ್ನಡ ಎಷ್ಟು, ತಮಿಳು ಎಷ್ಟು ಎಂದು ನನಗೇ ತಿಳಿಯದು. ಪಾಪ, ಅವನೂ ಬೆವರಿದ. ಪ್ಯಾಡ್ ತೆಗೆದು ಹಾಕುವಾಗ ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರಂತೆ. ನಾಲ್ಕಾರು ಸಲ ಪೆಡಲ್ ಒತ್ತಿದರೆ ಮಾತ್ರ ಅದು ಮುಂದೆ ಬಂದು ಹಿಡಿಯುತ್ತದೆ. ಟ್ರಯಲ್ಲಿಗೆ ಮುಂಚೆ ಒತ್ತುವವನಿದ್ದನಂತೆ. ಟ್ರಯಲ್ಲಿಗೆ ನಾವು ಬಿಟ್ಟಿದ್ದರೆ ತಾನೇ! ಆ ದಿನ ಅವನು ಒಣ್ಣುಮಿಲ್ಲೆ ಎನ್ನಲಿಲ್ಲ. ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿ, ಒತ್ತಿ ಒತ್ತಿ ನಿಲ್ಲಿಸಿ ತೋರಿಸಿ ತಂದ. ಬ್ರೇಕು ನಿಜಕ್ಕೂ ಚೆನ್ನಾಗಿತ್ತು.

ಸಂಜೆ ಅತ್ತೆಯ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

'ಬ್ರೇಕ್ ಹಿಡೀಲಿಲ್ಲ ಅಲ್ವಾ?'

ನಾನು ಇನ್ನೊಂದು ಕೈಯಿಂದ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ.

'ನಂಗೆ ಅವನ ಮುಖ ಕಾಣ್ತಿತ್ತು. ಓಡ್ಲಿಕ್ಕೆ ಕಾಲು ಬರ್ಬೇಕಲ್ಲ ಹೆಣ್ಣೇ, ಅಲ್ಲೇ ನಿಂತೆ' ಎಂದರು. ನನ್ನ ಕೈ ಬಿಡದೆಯೇ, 'ನಂಗೆ ಗೊತ್ತಾಗಿದೆ ಅಂತ ಅವನಿಗೆ ಹೇಳ್ಬೇಡ, ಆಯ್ತಾ? ಮತ್ತೆ ಅವ ಜೀವಮಾನದಲ್ಲಿ ಸ್ಟಿಯರಿಂಗ್ ಮುಟ್ಲಿಕ್ಕಿಲ್ಲ' ಎಂದರು.

ಮುಂದಿನ ತಿಂಗಳು ಹೊರಟೆವು. ಘಾಟಿಯ ಮೊದಲ ತಿರುವಿಗೆ ಇವರು ಬ್ರೇಕ್ ಒತ್ತಿದಾಗ ಹಿಂದಿನಿಂದ ಅತ್ತೆಯ ಕೈ ಬಂದು ನನ್ನ ಭುಜ ಹಿಡಿಯಿತು. ಗಾಡಿ ನಡುಗದೆ, ಗಡಗಡ ಎನ್ನದೆ ನಿಧಾನವಾಯಿತು. ತಿರುವಿನ ಮೇಲೆ ತಿರುವು ಬಂತು. ಕೆಳಗೆ ತಲುಪುವವರೆಗೂ ಆ ಕೈ ಸಡಿಲವಾಗಲಿಲ್ಲ.

'ಅಮ್ಮ, ಹೊಸ ಬ್ರೇಕ್ ಹೇಗುಂಟು?' ಎಂದು ಇವರು ಕನ್ನಡಿಯಲ್ಲಿ ನೋಡಿ ಕೇಳಿದರು.

'ನಂಗೆಂತ ಗೊತ್ತು ಮಗಾ, ನಾನು ಒಳ್ಳೆ ನಿದ್ದೆ ಮಾಡಿದೆ' ಎಂದರು ಅತ್ತೆ. ಅವರ ಉಗುರು ನನ್ನ ಭುಜಕ್ಕೆ ನಾಟಿದ ಗುರುತು ಊರು ತಲುಪಿದ ಮೇಲೂ ಹಾಗೇ ಇತ್ತು.