ಮರಿಯಾ ಎಲ್ಲಿ ಕೂಡಬೇಕು?

ಕಳೆದ ವಾರ ಕಂಪ್ಯೂಟರ್ ನನ್ನನ್ನು ಪಾಸು ಮಾಡಿತು!

ನನ್ನನ್ನು ಎಂದರೆ, ನಾನು ವಿನ್ಯಾಸ ಮಾಡಿದ ಬಿದಿರು ಸೀಳುವ ಯಂತ್ರವನ್ನು. ದಾಂಡೇಲಿಯ ನಮ್ಮ ಪುಟ್ಟ ವರ್ಕ್‌ಶಾಪಿಗೆ ಪುಣೆಯ ಇಂಜಿನಿಯರ್ ಒಬ್ಬರು ಜೀಪಿನಲ್ಲಿ ಕಂಪ್ಯೂಟರ್ ಹೇರಿಕೊಂಡು ಬಂದಿದ್ದರು. ಅದರೊಳಗೆ ‘ಎಕ್ಸ್‌ಪರ್ಟ್ ಸಿಸ್ಟಮ್’ ಅಂತೆ. ದೊಡ್ಡ ದೊಡ್ಡ ತಜ್ಞರ ತಿಳಿವಳಿಕೆಯನ್ನೆಲ್ಲ ನಿಯಮಗಳಾಗಿ ತುಂಬಿದ್ದಾರೆ. ಯಂತ್ರ ಇನ್ನೂ ಕಾಗದದ ಮೇಲಿರುವಾಗಲೇ ಅದು ಪ್ರಶ್ನೆ ಕೇಳಿ, ಕೆಲಸದವರಿಗೆ ಅಪಾಯ ಇದೆಯೋ ಇಲ್ಲವೋ ಹೇಳುತ್ತದೆ. (ನಾವು ಕೇಳುವುದು ಬೆರಳು ಹೋದ ಮೇಲೆ.)

ಬ್ಲೇಡಿಗೆ ಅಡ್ಡವಾಗಿ ಜಾಳಿಗೆ ಇದೆಯೇ? ಇದೆ. ನಿಂತವರ ಕೈ ತಾಗುತ್ತದೆಯೇ? ಇಲ್ಲ. ನಾನು ಹೇಳುತ್ತ ಹೋದೆ, ಅವರು ಟೈಪ್ ಮಾಡುತ್ತ ಹೋದರು. ಕೊನೆಗೆ ತೀರ್ಪು: ಸುರಕ್ಷಿತ. ನಾನು ಮೀಸೆ ತಿರುವಿದೆ.

ಆ ಹುರುಪಿನಲ್ಲೇ ನಕ್ಷೆಯನ್ನು ಮರಿಯಾಗೂ ತೋರಿಸಿದೆ. ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಗಳು. ನಮ್ಮ ಹಳೆಯ ಯಂತ್ರದಲ್ಲಿ ದಿನವೂ ಬಿದಿರು ಸೀಳುವವಳು ಆಕೆಯೇ. ಹೊಗಳುತ್ತಾಳೆ ಅಂದುಕೊಂಡಿದ್ದೆ. ಆಕೆ ನಕ್ಷೆಯನ್ನು ಆಚೆ ಈಚೆ ತಿರುಗಿಸಿ ನೋಡಿದಳು.

“ಸಾಹೇಬ್ರ, ಇದರಾಗ ನಾ ಎಲ್ಲಿ ಕೂಡ್ಲಿ?”

“ಕೂಡೂದ್ಯಾಕ? ನಿಂತು ಮಾಡೂ ಕೆಲಸ ಇದು.”

“ಬಿದಿರು ಕೊಡಾಕಿ ನಿಂತಿರ್ತಾಳ್ರಿ. ಸೀಳಿದ್ದನ್ನ ಎಳಿಯಾಕ ನಾ ಕೆಳಗ ಕೂತಿರ್ತೇನಲ್ಲ? ನಿಮ್ಮ ಜಾಳಗಿ ಮ್ಯಾಲ ಐತಿ. ನನ್ನ ಕಣ್ಣ ಮುಂದ ಬ್ಲೇಡು ಬಯಲ ಐತ್ರಿ!”

ಹೌದಲ್ಲ! ಒಂದು ಚೂರು ಸಿಡಿದರೆ ಮರಿಯಾಳ ಕಣ್ಣೇ ಹೋಗುತ್ತಿತ್ತು. ನನ್ನ ಮೀಸೆ ಇಳಿಯಿತು.

ಇಂಜಿನಿಯರಿಗೆ ಹಿಂದಿಯಲ್ಲಿ ವಿಷಯ ತಿಳಿಸಿದೆ. ಅವರು ಕಂಪ್ಯೂಟರಿನಲ್ಲಿ ಹುಡುಕಿದರು, ಮತ್ತೆ ಹುಡುಕಿದರು. ಕೂತು ದುಡಿಯುವವರ ಬಗ್ಗೆ ಅದರಲ್ಲಿ ಒಂದು ನಿಯಮವೂ ಇರಲಿಲ್ಲ. (ಆ ತಜ್ಞರ ಊರಲ್ಲಿ ಯಾರೂ ನೆಲಕ್ಕೆ ಕೂಡುವುದಿಲ್ಲವೇನೋ!) ಕೂಡಲೇ ಹೊಸ ನಿಯಮ ಬರೆದು ಸೇರಿಸಿದರು. ‘ನಿಯಮ ಹೇಳಿದ ತಜ್ಞರು’ ಎಂಬ ಜಾಗ ಖಾಲಿಯಿತ್ತು. ಅಲ್ಲಿ ಟೈಪ್ ಮಾಡಿದರು: ಮರಿಯಾ, ದಾಂಡೇಲಿ.

ಓದಿ ಹೇಳಿದಾಗ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ನಾ ಸಾಲಿ ಕಟ್ಟಿ ಸೈತ ಹತ್ತಿಲ್ರಿ!”

ಇಂಥವಳ ಜೊತೆ ಕೆಲಸ ಮಾಡುತ್ತೇನೆ ಎಂದು ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಮನೆಗೆ ಹೋಗಿ ಹೆಂಡತಿಗೆ ಎರಡು ಸಲ ಹೇಳಿದೆ. ಈಗ ನಕ್ಷೆಯಲ್ಲಿ ಜಾಳಿಗೆ ಕೆಳತನಕ ಇಳಿದಿದೆ. ಅದರಂತೆ ಹಲಗೆಯಲ್ಲಿ ಮಾಡಿದ ಮಾದರಿಯ ಮುಂದೆ ಮರಿಯಾ ಖುದ್ದು ಕೂತು ನೋಡಿ ಹೂಂ ಅಂದಿದ್ದಾಳೆ.

ಆಕೆ ಕೂತೇ ಕೆಲಸ ಮಾಡುತ್ತಾಳೆಂಬುದು ಕಂಪ್ಯೂಟರಿಗೆ ಗೊತ್ತಿರಲಿಲ್ಲ, ಒಪ್ಪೋಣ. ಪಾಪ, ಅದು ದಾಂಡೇಲಿಗೆ ಬಂದು ಆಗಿನ್ನೂ ಮೂರು ದಿನ. ನಾನು ಬಂದು ಹನ್ನೆರಡು ವರ್ಷ!